ಸಾವಿಗೆ ಬಾರದ ಬ್ಯಾಂಡ್‌ಸೆಟ್ಟು

ಮಂಟೇಸ್ವಾಮಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಏಳನೇ ಕ್ಲಾಸಿನವರೆಗೆ ಕಲಿತ ಎಬಿಸಿಡಿಯಲ್ಲಿ ಕೊನೆಯ ನಾಲ್ಕೈದು ಅಕ್ಷರ ಮರೆತೇಹೋಗಿದ್ದವು. ಆದರೂ ಒಂದು ಇಂಗ್ಲಿಷ್ ಪದದ ವಿಷಯದಲ್ಲಿ ಅವನಷ್ಟು ತಲೆ ಕೆಡಿಸಿಕೊಂಡ ಬೇರೊಬ್ಬರನ್ನು ನಾನು ಕಂಡಿಲ್ಲ. ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟರಾಗಿ ತಲೆಗೂದಲು ಕಳೆದುಕೊಂಡವನು ಈ ಮಾತು ಹೇಳುತ್ತಿದ್ದೇನೆ. ಆ ಪದ ಬ್ಯಾಂಡು.

ನಮ್ಮದು ಒಂದೇ ಊರು, ಚಂದಕವಾಡಿ ಹೋಬಳಿಯ ಒಂದು ಹಳ್ಳಿ. ನಮ್ಮ ಮನೆ ಮೇಲಿನ ಬೀದಿಯಲ್ಲಿ, ಅವನದು ಕೆಳಗಿನ ಕೇರಿಯಲ್ಲಿ. ಅವನನ್ನು ಸ್ಕೂಲಿಗೆ ಸೇರಿಸಿದವರು ನಮ್ಮ ದೊಡ್ಡಪ್ಪ ಪುಟ್ಟಬಸಪ್ಪನವರು. ಸೇರಿಸಿದ್ದು ಅಂದರೆ, ನಮ್ಮ ದನ ಕಾಯುತ್ತಿದ್ದ ಹುಡುಗನನ್ನು ಹೊಲದಿಂದ ಎಳೆದುಕೊಂಡು ಬಂದು, "ದನ ನಾಳೆನೂ ಇರ್ತವೆ ಕಣ್ಲಾ, ಕುಂತ್ಕೊ ಇಲ್ಲಿ," ಎಂದು ನನ್ನ ಪಕ್ಕ ಕೂರಿಸಿ ಹೋದದ್ದು. ಕುಡಿಯುವ ನೀರಿನ ಮಡಕೆ ಮಾತ್ರ ಅವನಿಗೆ ಬೇರೆ ಇತ್ತು. ದೊಡ್ಡಪ್ಪ ಅದನ್ನು ನೋಡಿದರು, ಏನೂ ಅನ್ನಲಿಲ್ಲ. ಅವರ ಒಳ್ಳೆಯತನ ಅಷ್ಟು ದೂರ ಬಂದು ನಿಂತುಬಿಡುತ್ತಿತ್ತು.

ಮಂಟೇಸ್ವಾಮಿಯ ಅಪ್ಪ ಸೋಮಯ್ಯ ತಮಟೆ ಬಾರಿಸುತ್ತಿದ್ದ. ಊರಲ್ಲಿ ಯಾರೇ ಸತ್ತರೂ ನೆಂಟರಿಗಿಂತ ಮೊದಲು ಸೋಮಯ್ಯನಿಗೆ ಹೇಳಿಕಳಿಸುತ್ತಿದ್ದರು. ಹೆಣ ಎತ್ತುವ ತನಕ ಬಾಗಿಲಲ್ಲಿ ಬಾರಿಸಬೇಕು, ಎತ್ತಿದ ಮೇಲೆ ಎಲ್ಲರಿಗಿಂತ ಮುಂದೆ ಬಾರಿಸುತ್ತಾ ನಡೆಯಬೇಕು. ಸುಗ್ಗಿ ಬಂದಾಗ ಕಣದಲ್ಲಿ ಅವನ ಪಾಲಿನ ರಾಗಿ ಅಳೆಯುತ್ತಿದ್ದರು. ಬರುವುದಿಲ್ಲ ಎನ್ನುವ ಮಾತು ಮಾತ್ರ ಆ ಕೆಲಸದಲ್ಲಿ ಇರಲಿಲ್ಲ. ಮಂಟೇಸ್ವಾಮಿಯ ಅಕ್ಕನ ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಊಟಕ್ಕೆ ಕೂತಿದ್ದಾಗ ಮೇಲಿನ ಬೀದಿಯಲ್ಲಿ ಒಂದು ಸಾವಾಯಿತು. ಸೋಮಯ್ಯ ಬೀಗರನ್ನು ಎಲೆಯ ಮುಂದೆ ಬಿಟ್ಟು ತಮಟೆ ಎತ್ತಿಕೊಂಡು ಹೊರಟ. ಬೀಗರು ತಪ್ಪು ತಿಳಿಯಲಿಲ್ಲ, ಅವರೂರಲ್ಲೂ ಅದೇ ಪದ್ಧತಿ. ತಪ್ಪು ತಿಳಿದವನು ಮಂಟೇಸ್ವಾಮಿ. ಆಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ.

ಆಮೇಲೆ ಅವನು ಗಾರೆ ಕೆಲಸಕ್ಕೆ ಮೈಸೂರಿಗೆ ಹೋದ. ಅವನಿದ್ದ ವಠಾರದ ಪಕ್ಕದಲ್ಲಿ ಪೊಲೀಸ್ ಬ್ಯಾಂಡಿನಿಂದ ರಿಟೈರ್ ಆಗಿದ್ದ ಮುದುಕರೊಬ್ಬರು ಸಂಜೆ ಕ್ಲಾರಿನೆಟ್ ನುಡಿಸುತ್ತಿದ್ದರಂತೆ. ಇವನು ಸಿಮೆಂಟಿನ ಕೈ ತೊಳೆದುಕೊಂಡು ಅವರ ಬಾಗಿಲಲ್ಲಿ ಕೂರತೊಡಗಿದ. ಅಂತೂ ತೊಂಬತ್ತೊಂದರಲ್ಲಿ ಅವರ ಹಳೆಯ ಕ್ಲಾರಿನೆಟ್ಟನ್ನೇ ಪೆಟ್ಟಿಗೆಯಲ್ಲಿಟ್ಟುಕೊಂಡು ಚಾಮರಾಜನಗರದಲ್ಲಿ ಬಸ್ಸಿಳಿದ. ಮಾರ್ಕೆಟ್ಟಿನ ಹಿಂದೆ ಒಂದು ರೂಮು ಹಿಡಿದ. ನೆಂಟರ ಪೈಕಿಯ ಹುಡುಗರನ್ನು ಸೇರಿಸಿ ಸೆಟ್ಟು ಕಟ್ಟಿದ. ದೊಡ್ಡ ಡ್ರಮ್ಮಿಗೆ ರಂಗರಾಜು, ಟ್ರಂಪೆಟ್ಟಿಗೆ ಶಿವರಾಮು. ಎಲ್ಲರಿಗೂ ಕೆಂಪು ಕೋಟು, ಅದರ ತೋಳಿಗೆ ಹಳದಿ ಪಟ್ಟಿ, ತಲೆಗೆ ಟೋಪಿ. ಪಟ್ಟಿ ಹೊಲಿದವಳು ಅವನ ಹೆಂಡತಿ ಸುಂದ್ರಮ್ಮ.

ಕೋಟು ತೊಡಿಸಿದ ದಿನವೇ ಅವನು ಹುಡುಗರಿಗೆ ಒಂದು ಮಾತು ಹೇಳಿದ್ದ. ಮದುವೆಗೆ ಸರಿ, ನಾಮಕರಣಕ್ಕೆ ಸರಿ, ಸ್ಕೂಲ್ ಡೇಗೆ ಸರಿ, ಎಲೆಕ್ಷನ್ ಮೆರವಣಿಗೆಗೂ ಸರಿ. ಸಾವಿಗೆ ಮಾತ್ರ ಇಲ್ಲ. ಯಾರ ಸಾವಿಗೂ ಇಲ್ಲ.

ಬೋರ್ಡು ಬರೆಸುವ ಮುಂಚೆ ನನ್ನನ್ನು ಹುಡುಕಿಕೊಂಡು ಸ್ಟಾಫ್ ರೂಮಿಗೇ ಬಂದ.

"ಮೇಷ್ಟ್ರೆ, ಬ್ಯಾಂಡು ಅಂದ್ರೆ ಏನು?"

"ಬಾರಿಸೋನು ನೀನು, ನನ್ನ ಕೇಳ್ತೀಯಲ್ಲೋ."

"ಬಾರ್ಸದು ಗೊತ್ತು. ಆ ಪದ ಎಲ್ಲಿಂದ ಬಂತು ಅಂತ. ಅದ್ರೊಳಗೆ ಎಲ್ಲಾದ್ರೂ ಸಾವು, ಹೆಣ, ಚರ್ಮ, ಇಂತವು ಅವ್ಯಾ ನೋಡಿ ಹೇಳಿ. ಇದ್ರೆ ಬ್ಯಾರೆ ಹೆಸ್ರು ಇಟ್ಕತೀನಿ."

ನನಗೆ ನಗು ಬಂತು, ಆದರೆ ಅವನ ಮುಖ ನೋಡಿ ನುಂಗಿಕೊಂಡೆ. ನಮ್ಮೂರಿನ ಜಗಲಿಗಳಲ್ಲಿ ಆಗಲೇ ಮಾತು ಹುಟ್ಟಿತ್ತು, "ತಮಟೆಯೋರು ಕೋಟು ಹಾಕ್ಕಂಡವ್ರೆ" ಅಂತ. ಅದು ಅವನ ಕಿವಿಗೂ ಬಿದ್ದಿತ್ತು.

ಮಾರನೆಯ ದಿನ ಸ್ಕೂಲ್ ಲೈಬ್ರರಿಯ ದಪ್ಪ ಡಿಕ್ಷನರಿಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಅವನ ರೂಮಿಗೆ ಹೋದೆ. ಗೆದ್ದಲು ಎಸ್ ಅಕ್ಷರದ ಕಡೆ ಊಟ ಮಾಡಿತ್ತು, ಬಿ ಉಳಿದಿತ್ತು, ಪುಣ್ಯ. ತೆರೆದು ನೋಡಿದರೆ ಬ್ಯಾಂಡ್ ಅನ್ನುವುದು ಒಂದು ಪದವೇ ಅಲ್ಲ. ಒಂದೇ ಹೆಸರಿನ ಮೂವರು ಹುಡುಗರು ಒಂದೇ ಕ್ಲಾಸಿನಲ್ಲಿ ಕೂತ ಹಾಗೆ ಅಲ್ಲಿ ಮೂರು ಬ್ಯಾಂಡುಗಳು ಕೂತಿದ್ದವು. ಹಾಜರಿ ಕೂಗಿದರೆ ಮೂವರೂ ಏಳುತ್ತಾರೆ.

ಮೊದಲನೆಯದು ಕಟ್ಟುವುದು. ಅದು ಉತ್ತರದ ಚಳಿ ದೇಶಗಳ ಹಡಗಿನ ಜನರ ಜೊತೆ ಇಂಗ್ಲೆಂಡಿಗೆ ಬಂದದ್ದು. ಅದರ ಬೇರು ಇನ್ನೂ ಹಳೆಯದು, ನಮ್ಮ ಸಂಸ್ಕೃತದ ಬಂಧ, ಬಂಧನ ಎಲ್ಲ ಅದೇ ಬೇರಿನಿಂದ ಚಿಗುರಿದ್ದು. ಎರಡನೆಯದು ಪಟ್ಟಿ, ಬಟ್ಟೆಯದೋ ತಗಡಿನದೋ ಉದ್ದನೆಯ ತುಂಡು. ಅದು ಫ್ರೆಂಚರ ಕಡೆಯಿಂದ ಬಂದದ್ದು. ಗಾಯಕ್ಕೆ ಸುತ್ತುವ ಬ್ಯಾಂಡೇಜು ಇದರ ಮನೆಯದೇ. ಮೂರನೆಯದು ಗುಂಪು, ಜನರ ದಂಡು. ಇದರ ಹುಟ್ಟಿನ ಬಗ್ಗೆ ಪಂಡಿತರಲ್ಲೇ ಅನುಮಾನ. ಬಾವುಟ ಅನ್ನುವ ಹಳೆಯ ಮಾತಿನಿಂದ ಬಂದಿರಬಹುದು ಎನ್ನುತ್ತಾರೆ. ಸಿಪಾಯಿಗಳು ಗುರುತಿಗೆ ಒಂದು ಬಟ್ಟೆ ಎತ್ತಿ ಹಿಡಿಯುತ್ತಿದ್ದರು, ಅದರ ಕೆಳಗೆ ಸೇರಿದವರು ಒಂದು ಬ್ಯಾಂಡು. ಅವರ ಜೊತೆ ವಾದ್ಯ ನುಡಿಸುತ್ತಾ ನಡೆದವರೂ ಬ್ಯಾಂಡು. ಮದುವೆ ಮನೆಗೆ ಬಂದದ್ದು ಆಮೇಲೆ ಎಷ್ಟೋ ಕಾಲಕ್ಕೆ.

ಸುಂದ್ರಮ್ಮ ಕೋಟಿಗೆ ಪಟ್ಟಿ ಹೊಲಿಯುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಹಂಗಾರೆ ನಾ ಹೊಲಿತಿರೋ ಈ ಪಟ್ಟಿನೂ ಬ್ಯಾಂಡೇಯಾ?"

"ಹೂನಮ್ಮ, ಅದೂ ಬ್ಯಾಂಡೇ."

"ಮತ್ತೆ ಹಸ್ಬೆಂಡು ಅಂತಾರಲ್ಲ, ಅದ್ರೊಳಗೂ ಅದೆ. ಅದು ಕಟ್ಟಾಕದೋ, ದಂಡೋ?"

ಪುಟ ತಿರುವಿ ನೋಡಿದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಅದು ಮನೆಯಲ್ಲಿ ನೆಲೆ ನಿಂತವನು, ಮನೆ ನಡೆಸುವವನು ಅನ್ನುವ ಅರ್ಥದ್ದು ಎಂದೆ.

"ಮನೇಲಿರೋನಾ? ಹಂಗಾರೆ ಇವ್ರಲ್ಲ ಬುಡಿ. ಮದುವೆ ತಿಂಗಳು ಬಂದ್ರೆ ಇವ್ರು ಮನೆ ಬಾಗ್ಲೇ ಮರ್ತೋಯ್ತಾರೆ," ಎಂದಳು. ರಂಗರಾಜು ಡ್ರಮ್ಮಿಗೆ ಒಂದು ಏಟು ಕೊಟ್ಟು ನಕ್ಕ. ಬ್ಯಾಂಡಿನ ಪುಟದಲ್ಲೇ ಹೆಗ್ಗಣಕ್ಕೆ ಹೇಳುವ ಬ್ಯಾಂಡಿಕೂಟ್ ಇತ್ತು. ಅದು ತೆಲುಗರ ಪಂದಿಕೊಕ್ಕು ಇಂಗ್ಲಿಷಿಗೆ ಹೋಗಿ ಹಾಗಾದದ್ದು ಎಂದು ಹೇಳಿದೆ. ಹುಡುಗರಿಗೆ ಮೂರು ಬ್ಯಾಂಡಿಗಿಂತ ಆ ಹೆಗ್ಗಣವೇ ಹೆಚ್ಚು ಹಿಡಿಸಿತು. ಪಾಠ ಹೇಳುವವರ ಹಣೆಬರಹವೇ ಅಷ್ಟು.

ಮಂಟೇಸ್ವಾಮಿ ನಗಲಿಲ್ಲ. "ಆ ಸಿಪಾಯಿಗಳು, ಯಾರಾದ್ರೂ ಸತ್ರೆ ನುಡಿಸ್ತಿದ್ರಾ?" ಎಂದು ಕೇಳಿದ.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನುಡಿಸ್ತಾ ಇದ್ರು. ಈಗಲೂ ನುಡಿಸ್ತಾರೆ."

"ಅವ್ರ ಪೈಕಿಯೋರ್ಗೆ ತಾನೆ?"

"ಹೌದು, ಅವರ ಪೈಕಿಯವರಿಗೆ."

"ಹಂಗಾರೆ ಆಯ್ತದೆ. ಅದೇ ಪದ ಇರ್ಲಿ." ಪೇಂಟರನ್ನು ಕರೆಸಿ ಬೋರ್ಡು ಬರೆಸಿದ. ಹೆಸರಿನ ಪಕ್ಕದಲ್ಲಿ ಒಂದು ಬಾವುಟದ ಚಿತ್ರವನ್ನೂ ಬರೆಸಿದ. ನೋಡಿದವರು ಯಾವ ಪಾರ್ಟಿಯ ಆಫೀಸು ಎಂದು ಕೇಳುತ್ತಿದ್ದರು.

ಅಂದಿನಿಂದ ಅವನಿಗೆ ಎಲ್ಲಿ ನೋಡಿದರೂ ಬ್ಯಾಂಡೇ. ರೇಡಿಯೊದಲ್ಲಿ ಹೊಸ ಪಿಕ್ಚರಿನ ಹಾಡು ಕೇಳಿ ಕಲಿಯುವಾಗ ಅದರ ಮೇಲಿನ ಬ್ಯಾಂಡ್ ಗುಂಡಿಯನ್ನು ತೋರಿಸಿ ಇದು ಯಾವ ಮನೆಯದು ಎನ್ನುವನು. ಪಟ್ಟಿಯ ಮನೆಯದು, ಗಾಳಿಯಲ್ಲಿ ಬರುವ ಅಲೆಗಳನ್ನು ಪಟ್ಟಿ ಪಟ್ಟಿಯಾಗಿ ಹಂಚಿರುತ್ತಾರೆ ಎನ್ನುವೆ. ಕಂಡಕ್ಟರ್ ಟಿಕೆಟ್ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡು ಕಟ್ಟುವ ಮನೆಯದು ಎಂದು ಅವನೇ ಹೇಳಿದ. ಒಮ್ಮೆ ಸಂಬಳದ ಸಲುವಾಗಿ ನಾವು ಮೇಷ್ಟರುಗಳು ತೋಳಿಗೆ ಕಪ್ಪು ಬ್ಯಾಂಡು ಕಟ್ಟಿಕೊಂಡು ಮೆರವಣಿಗೆ ಹೊರಟಿದ್ದೆವು. ಅವನು ಓಡಿ ಬಂದು, "ಯಾರು ಸತ್ರು ಮೇಷ್ಟ್ರೆ?" ಎಂದ. ಯಾರೂ ಸತ್ತಿಲ್ಲ ಎಂದರೆ ನಂಬಲಿಲ್ಲ.

ಆಗ ಕಾಡುಗಳ್ಳನ ಹುಡುಕಾಟದಲ್ಲಿ ಕಾಡಿನ ಕಡೆ ಪೊಲೀಸರ ಓಡಾಟ ಬಹಳ. ಒಂದು ಸಲ ಗುಂಡ್ಲುಪೇಟೆಯ ಮದುವೆ ಮುಗಿಸಿ ಬರುವಾಗ ಚೆಕ್‌ಪೋಸ್ಟಿನಲ್ಲಿ ಇವರ ಟೆಂಪೋ ನಿಲ್ಲಿಸಿದರು. ಕೆಂಪು ಕೋಟು, ಹಳದಿ ಪಟ್ಟಿ, ಟೋಪಿ ನೋಡಿ ಅವರಿಗೆ ಇದು ಯಾವ ಇಲಾಖೆ ಎಂದು ತಿಳಿಯಲಿಲ್ಲ. ಕ್ಲಾರಿನೆಟ್ ಪೆಟ್ಟಿಗೆ ತೆರೆಸಿದರೆ ಒಳಗೆ ಕಪ್ಪು ಕೊಳವೆಗಳ ತುಂಡುಗಳು. "ಜೋಡಿಸು, ನುಡಿಸು," ಎಂದರಂತೆ. ಮಂಟೇಸ್ವಾಮಿ ಬಿದಿರು ಮೆಳೆಯ ಪಕ್ಕದಲ್ಲಿ ನಿಂತು ಧಾರೆಯ ಹೊತ್ತಿಗೆ ನುಡಿಸುವ ಪಾಡನ್ನು ಪೂರ್ತಿ ನುಡಿಸಿದ. ಇನ್ಸ್‌ಪೆಕ್ಟರು ತಮ್ಮ ತಂಗಿಯ ಮದುವೆಗೆ ಅಲ್ಲೇ ಬುಕ್ ಮಾಡಿದರು. ಹೀಗೆ ಸೆಟ್ಟಿಗೆ ಹೆಸರು ಬಂತು. ಸಂತೆಮರಹಳ್ಳಿಯಿಂದ, ಉಮ್ಮತ್ತೂರಿನಿಂದ ಜನ ಹುಡುಕಿಕೊಂಡು ಬರುತ್ತಿದ್ದರು.

ಸಾವಿಗೂ ಕರೆಯುತ್ತಿದ್ದರು, ಆದರೆ ಅವನು ಹೋಗುತ್ತಿರಲಿಲ್ಲ. ಗುಂಡ್ಲುಪೇಟೆಯ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯ ಮೂರು ಮದುವೆಗೂ ಇವನೇ ನುಡಿಸಿದ್ದ. ಆ ಮನೆಯ ಯಜಮಾನರು ತೀರಿಕೊಂಡಾಗ ಕಾರು ಕಳಿಸಿದರು. ಕಾರು ಖಾಲಿ ವಾಪಸ್ಸು ಹೋಯಿತು. ಮುಂದಿನ ಮದುವೆಗೆ ಅವರು ಮೈಸೂರಿನ ಸೆಟ್ಟು ತರಿಸಿದರು. ರಂಗರಾಜು ಗೊಣಗಿದ, ಇವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಿವಿಗೆ ಹಾಕಿಕೊಳ್ಳಲೇಬೇಕಾದ ಮಾತು ಬಂದದ್ದು ಅಪ್ಪನಿಂದ. ತೊಂಬತ್ತಾರರಲ್ಲಿ ಸೋಮಯ್ಯ ಹಾಸಿಗೆ ಹಿಡಿದ. ಒಂದು ಭಾನುವಾರ ಮಂಟೇಸ್ವಾಮಿ ಊರಿಂದ ನೇರ ನಮ್ಮ ಮನೆಗೆ ಬಂದು ಗೋಡೆಗೆ ಒರಗಿ ಕೂತ.

"ಅಪ್ಪ ಕೇಳ್ದ, ಮೇಷ್ಟ್ರೆ. 'ಊರೋರ್ನೆಲ್ಲ ನಾನು ಬಾರ್ಸಿ ಕಳಿಸ್ಕೊಟ್ಟೆ, ನನ್ನ ಸುಮ್ಕೆ ಹೊತ್ಕಂಡೋಗಿ ಹಾಕ್ಬುಡ್ತೀರೇನ್ಲಾ' ಅಂದ. 'ನಿನ್ನ ಕೊಳವೆ ಒಂದ್ಸಲ ನನ್ಗೂ ಊದ್ಲಾ' ಅಂದ."

"ಊದು. ಅಪ್ಪ ಅಲ್ವೇನೋ."

"ಅಪ್ಪಂಗೆ ಊದಿದ್ರೆ ನಾಳೆ ಎಲ್ರೂ ಕೇಳ್ತಾರೆ. ಅವತ್ತು ಊದ್ದೋನು ಇವತ್ಯಾಕೆ ಊದಲ್ಲ ಅಂತಾರೆ. ಏನು ಹೇಳ್ಲಿ? ಇವತ್ತು ಒಪ್ಕಂಡ್ರೆ ನನ್ನ ಮಗನೂ ಬೀಗರ್ನ ಎಲೆ ಮುಂದೆ ಬುಟ್ಟು ಎದ್ದೋಗ್ಬೇಕಾಯ್ತದೆ."

ಕಾಫಿ ಮಾಡಿಸಿದೆ. ಕುಡಿದು ಹೋದ.

ಸೋಮಯ್ಯ ಯುಗಾದಿಗೆ ಮುಂಚೆ ತೀರಿಕೊಂಡ. ನಾನು ಹೋದಾಗ ಹೆಣ ಬಾಗಿಲಲ್ಲಿತ್ತು. ಸೆಟ್ಟಿನ ಹುಡುಗರು ಪಂಚೆ ಉಟ್ಟು ಗೋಡೆ ಬದಿಯಲ್ಲಿ ನಿಂತಿದ್ದರು. ಪಕ್ಕದ ಊರಿನ ತಮಟೆಯವರನ್ನು ಕರೆಸಿದ್ದರು, ಅವರು ತಮಟೆ ಕಾಯಿಸುತ್ತಿದ್ದರು. ಮಂಟೇಸ್ವಾಮಿ ಬಹಳ ಹೊತ್ತು ಅಪ್ಪನ ಕಾಲ ಬಳಿ ಕೂತಿದ್ದವನು ಎದ್ದು, "ನಡೀರ್ಲಾ, ಕೋಟು ಹಾಕ್ಕಳಿ," ಎಂದ. ಚಟ್ಟ ಎತ್ತುವ ಹೊತ್ತಿಗೆ ಕೆಂಪು ಕೋಟಿನ ಸಾಲು ಮುಂದೆ ನಿಂತಿತ್ತು. ಟೋಪಿಯ ಸಮೇತ. ಸಾವಿನ ಪಾಡು ಅವರಿಗೆ ಬರುತ್ತಿರಲಿಲ್ಲ, ಕಲಿತೇ ಇರಲಿಲ್ಲ. ಮದುವೆಯಲ್ಲಿ ಗಂಡನ್ನು ಚಪ್ಪರಕ್ಕೆ ಕರೆತರುವಾಗ ನುಡಿಸುವುದನ್ನೇ ನುಡಿಸಿದರು. ಸೋಮಯ್ಯ ಮದುಮಗನ ಹಾಗೆ ಊರು ದಾಟಿದ. ಮಂಟೇಸ್ವಾಮಿ ದಾರಿಯುದ್ದಕ್ಕೂ ಒಂದು ಸ್ವರ ತಪ್ಪಲಿಲ್ಲ.

ಮೇಲಿನ ಬೀದಿಯವರು ಜಗಲಿಯಿಂದ ನೋಡುತ್ತಿದ್ದರು. ನಮ್ಮ ದೊಡ್ಡಪ್ಪನ ಮಗ ಮರಿಮಲ್ಲಪ್ಪ, "ಸಾವಿಗೆ ನುಡ್ಸಲ್ಲ ಅಂತಿದ್ದ, ನುಡ್ಸಿದ ನೋಡು," ಎಂದ. ಅವನ ದನಿಯಲ್ಲಿ ಕೋಪ ಇರಲಿಲ್ಲ. ಲೆಕ್ಕ ಇತ್ತು.

ಆ ವರ್ಷ ಕಾರ್ತಿಕದಲ್ಲಿ ದೊಡ್ಡಪ್ಪ ಪುಟ್ಟಬಸಪ್ಪನವರು ಹೋದರು. ಸುದ್ದಿ ತಿಳಿದು ಊರಿಗೆ ಹೋದ ನನ್ನನ್ನು ಮರಿಮಲ್ಲಪ್ಪ ಬಾಗಿಲಲ್ಲೇ ತಡೆದ. "ಲೋ ಮಲ್ಲೇಶ, ನೀನು ಈಗ್ಲೇ ತಿರುಗಿ ಹೋಗಿ ಮಂಟೇಸ್ವಾಮಿನ ಕರ್ಕೊಂಡು ಬಾ. ಅವರಪ್ಪಂಗೆ ನುಡ್ಸಿದೋನು ನಮ್ಮಪ್ಪಂಗೆ ನುಡ್ಸಲ್ವಾ? ಅವನ್ನ ಸ್ಕೂಲಿಗೆ ಹಾಕಿದ್ದು ಯಾರು ಅಂತ ಕೇಳು."

ಹೋದೆ. ರೂಮಿನಲ್ಲಿ ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು. ನಾನು ಬಾಯಿ ತೆರೆಯುವ ಮೊದಲೇ, "ಕರ್ಯಕ್ಕೆ ಬಂದ್ರಾ?" ಎಂದ.

"ಮರಿಮಲ್ಲಪ್ಪ ಕಳಿಸಿದ. ನಾನಾಗಿ ಕೇಳ್ತಿಲ್ಲ."

"ನಿಮ್ಮ ದೊಡ್ಡಪ್ಪ ಇಲ್ದಿದ್ರೆ ನಾನು ಇನ್ನೂ ದನದ ಹಿಂದೆ ಇರ್ತಿದ್ದೆ. ಗೊತ್ತು. ಬತ್ತೀನಿ ಮೇಷ್ಟ್ರೆ. ಬರಿಗೈಲಿ ಬತ್ತೀನಿ. ಎಲ್ರಂಗೆ ಬಂದು ಕುಂತ್ಕತೀನಿ, ಎಲ್ರಂಗೆ ಹಿಂದೆ ನಡಿತೀನಿ. ಮುಂದೆ ನಡಿಯದು ಮಾತ್ರ ನಮ್ಮಪ್ಪನ ತಲೆಗೇ ಮುಗೀತು. ಅದ್ಕೆ ಅವ್ರು ಏನು ಮಾಡಿದ್ರೂ ಸರಿ."

ಏನು ಮಾಡುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು. ಊರಿನ ಮದುವೆಗಳು ತಪ್ಪುತ್ತವೆ, ನೆಂಟರಿಷ್ಟರ ಊರಿನವೂ ತಪ್ಪುತ್ತವೆ. ಕೆಳಗಿನ ಕೇರಿಯವರಿಗೆ ಹೊಲದ ಕೆಲಸ ಸಿಗುವುದೂ ಕಷ್ಟವಾಗಬಹುದು. ಸೆಟ್ಟಿನ ಹುಡುಗರ ಮನೆಗಳೂ ಆ ಕೇರಿಯಲ್ಲೇ ಇದ್ದವು. ಅವನು ಬಿಳಿ ಅಂಗಿ ಹಾಕಿಕೊಂಡು ನನ್ನ ಜೊತೆ ಬಸ್ ಹತ್ತಿದ.

ದೊಡ್ಡಪ್ಪನನ್ನು ನಮ್ಮ ಪದ್ಧತಿಯಂತೆ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹೊತ್ತೊಯ್ಯಲು ವಿಮಾನ ಕಟ್ಟಿದ್ದರು. ಮರಿಮಲ್ಲಪ್ಪ ಮಂಟೇಸ್ವಾಮಿಯ ಕೈ ನೋಡಿದ, ನನ್ನ ಮುಖ ನೋಡಿದ.

"ಎಲ್ಲೋ ನಿನ್ನ ವಾದ್ಯ?"

"ತಂದಿಲ್ಲ ಅಣ್ಣ."

"ಮತ್ಯಾಕೆ ಬಂದೆ?"

"ಸಾವಿಗೆ ಬಂದೆ."

ಜನ ಸುತ್ತ ಸೇರಿದ್ದರು. ಹೆಣದ ಮುಂದೆ ಜಗಳ ಬೇಡ ಎಂದು ಯಾರೋ ಹಿರಿಯರು ಅಂದರು. ಮರಿಮಲ್ಲಪ್ಪ ಹಲ್ಲು ಕಚ್ಚಿ ತಿರುಗಿ ಹೋದ. ವಿಮಾನ ಎತ್ತುವಾಗ ಮಂಟೇಸ್ವಾಮಿ ಹೆಗಲು ಕೊಡಲು ಒಂದು ಹೆಜ್ಜೆ ಮುಂದೆ ಇಟ್ಟ. ನೆಂಟರು ಹೆಗಲುಗಳನ್ನು ಹತ್ತಿರ ಹತ್ತಿರ ಮಾಡಿಕೊಂಡರು. ಅವನು ಹಿಂದೆ ಸರಿದು ಗುಂಪಿನ ಕೊನೆಯಲ್ಲಿ ನಡೆದ. ಭಜನೆಯವರು ಹಾಡುತ್ತಿದ್ದರು. ತೋಟದಲ್ಲಿ ತೆಗೆದ ಗುಣಿಗೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದ ಮೇಲೆ ಅವನೂ ಹಾಕಿದ. ಯಾರೂ ತಡೆಯಲಿಲ್ಲ, ಯಾರೂ ಮಾತಾಡಿಸಲಿಲ್ಲ.

ಮನೆಗೆ ವಾಪಸ್ಸು ಬಂದು ಬಾಗಿಲ ಮುಂದಿನ ಹಂಡೆಯ ನೀರಲ್ಲಿ ಕಾಲು ತೊಳೆದು, ಒಳಗೆ ಹಚ್ಚಿಟ್ಟ ದೀಪ ನೋಡಿ ಹೋಗುವುದು ರೂಢಿ. ದೊಡ್ಡಮ್ಮ ದೊಡ್ಡಮಲ್ಲಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಮಂಟೇಸ್ವಾಮಿ ಹಂಡೆಯ ಹತ್ತಿರ ಬಾರದೆ ಬೀದಿಯಲ್ಲೇ ನಿಂತಿದ್ದ.

"ಅಲ್ಲಿ ನಿಂತಿರೋನು ಸೋಮಯ್ಯನ ಮಗ ಅಲ್ವಾ?" ಎಂದರು ದೊಡ್ಡಮ್ಮ.

"ಹೂ ಕಣವ್ವ."

"ನಿಮ್ಮಪ್ಪ ಈ ಮನೆ ಸಾವು ಒಂದೂ ಬುಟ್ಟೋನಲ್ಲ. ಇವ್ರಿಗೆ ಒಂದು ಪಾಡು ಊದಕ್ಕೆ ನಿನ್ಗೇನ್ಲಾ ಬಂದಿತ್ತು? ಅಷ್ಟು ಬ್ಯಾಡ್ವಾಗೋದ್ರಾ?"

ಮರಿಮಲ್ಲಪ್ಪ ತಿರುಗಿ ನೋಡಿದ.

"ಊದ್ತಾ ಇದ್ರೆ ಅಳಕ್ಕಾಗಕ್ಕಿಲ್ಲ ಕಣವ್ವ," ಎಂದ ಮಂಟೇಸ್ವಾಮಿ. "ಉಸ್ರೆಲ್ಲ ಅದ್ಕೇ ಬೇಕಾಯ್ತದೆ. ನಮ್ಮಪ್ಪಂಗೆ ಊದ್ದೆ, ಅಳ್ನಿಲ್ಲ. ನಮ್ಮಪ್ಪನೂವೆ ಊರೋರ್ಗೆಲ್ಲ ಬಾರಿಸ್ದ, ಯಾರ್ಗೂ ಅಳ್ನಿಲ್ಲ. ಇವ್ರಿಗಾದ್ರೂ ಅಳಾನ ಅಂತ ಬಂದೆ."

ದೊಡ್ಡಮ್ಮ ಸೆರಗು ಎಳೆದುಕೊಂಡು ಜಗಲಿಯ ಮೇಲೆ ಒಂದು ಮೊಳ ಪಕ್ಕಕ್ಕೆ ಸರಿದರು.

"ಕಾಲು ತೊಳ್ಕೊಂಡು ಬಾ. ಇಲ್ಲಿ ಕುಂತ್ಕೊ."

ಅವನು ಹಂಡೆಯಿಂದ ಚೊಂಬಿನಲ್ಲಿ ನೀರು ತೆಗೆದು ಕಾಲು ತೊಳೆದುಕೊಂಡ. ಬಂದು ಜಗಲಿಯ ಮೇಲೆ ಕೂತ. ಮಂಡಿಗೆ ತಲೆ ಕೊಟ್ಟು ಅಳತೊಡಗಿದ. ಅದು ಪುಟ್ಟಬಸಪ್ಪನವರಿಗೋ ಸೋಮಯ್ಯನಿಗೋ ಎಂದು ದೊಡ್ಡಮ್ಮ ಕೇಳಲಿಲ್ಲ.